ಗುಂಡಿಗೆಗೆ ತೇಪೆ

ತೇಪೆ ಅಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅವ್ವಂದಿರ ಸೀರೆ, ಅಪ್ಪಂದಿರ ಅಂಗಿ, ಕೇರಿಯ ಸೂರು ಎಲ್ಲ ತೇಪೆಯ ಮೇಲೇ ನಿಂತವು. ಈಗ ಗುಂಡಿಗೆಗೂ ತೇಪೆ ಬಂದಿದೆ. ಜರ್ಮನಿಯ ಗಾಟಿಂಗೆನ್ ಊರಿನ ವೈದ್ಯರು ಆಕರಕೋಶಗಳಿಂದ ಹೃದಯದ ಮಾಂಸವನ್ನೇ ಬೆಳೆಸಿ, 40 ಕೋಟಿ ಜೀವಕೋಶಗಳ ತೇಪೆಯನ್ನು 46 ವರ್ಷದ ಹೆಣ್ಣುಮಗಳೊಬ್ಬಳ ಸೋತ ಹೃದಯಕ್ಕೆ ಹೊಲಿದರು. ಮೂರು ತಿಂಗಳಾದ ಮೇಲೆ ಆಕೆಗೆ ಬದಲಿ ಹೃದಯ ಸಿಕ್ಕಿತು. ಹಳೆಯದನ್ನು ತೆಗೆದು ನೋಡಿದರೆ ತೇಪೆ ಬದುಕಿತ್ತು, ಅದಕ್ಕೆ ರಕ್ತನಾಳ ಹಬ್ಬಿತ್ತು. 2025ರ ಜನವರಿಯಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಇನ್ನೂ ಪರೀಕ್ಷೆಯ ಹಂತ.

ಇದನ್ನು ನಾನು ಲೇವಡಿ ಮಾಡಲಾರೆ. ದೊಡ್ಡದೊಂದು ಹೃದಯಾಘಾತಕ್ಕೆ ನೂರು ಕೋಟಿಯಷ್ಟು ಸ್ನಾಯುಕೋಶ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆ ಕೂರುತ್ತೆ, ಅದು ಮಿಡಿಯೋದಿಲ್ಲ. ನಮ್ಮ ದೇಶದ ತೊರೆ, ಗದ್ದೆಗಳ ಜೀಬ್ರಾ ಮೀನು ಹೃದಯದ ಕೆಳಕೋಣೆಯ ಐದನೇ ಒಂದು ಪಾಲು ಕತ್ತರಿಸಿದರೂ ಮತ್ತೆ ಬೆಳೆಸಿಕೊಳ್ಳುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಈ ಕಟ್ಟಳೆಯನ್ನು ಯಾರಾದರೂ ಮುರಿಯುತ್ತೇವೆ ಅಂದರೆ, ಕಟ್ಟಳೆ ಮುರಿಯುವವರ ಕಡೆಗೇ ನಾವು.

ಹಾಗಂತ ಬಿಳಿ ಕೋಟಿನವರು ಹೇಳಿದ್ದೆಲ್ಲ ವೇದವಲ್ಲ. 2001ರಲ್ಲಿ ಪಿಯೆರೊ ಆನ್ವರ್ಸಾ ಎಂಬಾತನ ತಂಡ, ಮೂಳೆಮಜ್ಜೆಯ ಕೋಶ ಹಾಕಿದರೆ ಇಲಿಯ ಹೃದಯ ಮರುಹುಟ್ಟುತ್ತದೆ ಅಂತು. ದೊಡ್ಡ ದೊಡ್ಡವರೇ ನಂಬಿದರು. 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವೇ ಆತನ ಪ್ರಯೋಗಶಾಲೆಯ 31 ಪ್ರಬಂಧಗಳಲ್ಲಿ ಸುಳ್ಳು ಲೆಕ್ಕ ಸೇರಿದೆ, ವಾಪಸು ತೆಗೆದುಕೊಳ್ಳಿ ಅಂತು. ಹದಿನೇಳು ವರ್ಷ!

ಇರಲಿ. ನನ್ನ ಜಗಳ ಇರುವುದು ಸರದಿಯ ಬಗ್ಗೆ. ಹರಿದ ಮೇಲೆ ಹಾಕುವುದು ತೇಪೆ. ಹರಿಯುವ ಮೊದಲೇ ತಡೆಯುವ ಮದ್ದು ಆಗಲೇ ಇದೆ. ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು. ಹೊರಗೆ ಹಾಕಿಸಿದರೆ ಹತ್ತಾರು ಸಾವಿರ ರೂಪಾಯಿ. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಕರ್ನಾಟಕ ಸರ್ಕಾರ ‘ಹೃದಯ ಜ್ಯೋತಿ’ ಯೋಜನೆ ತಂದಿದೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ಜಯದೇವದಂಥ ದೊಡ್ಡಾಸ್ಪತ್ರೆಗೆ ಕಳಿಸುವುದು, ಅಲ್ಲಿನ ವೈದ್ಯರು ಹೌದೆಂದರೆ ಇಲ್ಲೇ ಪುಕ್ಕಟೆ ಮದ್ದು ಹಾಕುವುದು. ಒಳ್ಳೇ ಯೋಜನೆ, ಒಪ್ಪೋಣ.

ಈಗ ಚಂದಕವಾಡಿಗೆ ಬನ್ನಿ. ಅರಿಶಿನದ ಹೊಲದಲ್ಲೋ ಕರಿಕಲ್ಲಿನ ಕ್ವಾರಿಯಲ್ಲೋ ಕೂಲಿ ಮುಗಿಸಿ ಬಂದವನಿಗೆ ರಾತ್ರಿ ಎದೆ ಹಿಂಡುತ್ತೆ, ಎಡಗೈ ಜೋಮು ಹಿಡಿಯುತ್ತೆ. ‘ವಾಯು ಕನ ಬುಡಣ್ಣ, ಒಂದ್ ಸೋಡಾ ಕುಡ್ದು ಮನಿಕೊ’ ಅಂತೀವಿ. ಆಮೇಲೆ ‘ಬೆಳಗಾಗ್ಲಿ, ಬಸ್ಸು ಬತ್ತದ’ ಅಂತೀವಿ. ಚಾಮರಾಜನಗರ ಹಗಲು ಹತ್ತಿರ, ರಾತ್ರಿ ದೂರ. ಅಲ್ಲಿಂದ ಮೈಸೂರು ಇನ್ನೂ 60 ಕಿಲೋಮೀಟರ್. ಹೆಪ್ಪು ಬಸ್ಸಿಗೆ ಕಾಯುತ್ತದೆಯೇ? ಮೊದಲ ಎರಡು ಮೂರು ಗಂಟೆಯಲ್ಲಿ ಮದ್ದು ಬಿದ್ದರೆ ಬಹಳಷ್ಟು ಮಾಂಸ ಉಳಿಯುತ್ತದೆ. 12 ಗಂಟೆ ದಾಟಿದರೆ ಹಾಕಿಯೂ ಪ್ರಯೋಜನವಿಲ್ಲ. ಬೆಳಗಿನ ಬಸ್ಸಿಗೆ ಹೋದವನು ಉಳಿದರೂ ಮತ್ತೆ ಅರಿಶಿನದ ಮೂಟೆ ಎತ್ತಲಾರ. ಅವನ ದೊಡ್ಡ ಮಗ ಶಾಲೆ ಬಿಡುತ್ತಾನೆ. ಮೇಷ್ಟ್ರೇ, ಅದು ನಿಮ್ಮ ಹಾಜರಿ ಪುಸ್ತಕದಲ್ಲಿ ಕಾಣುತ್ತದೆ.

ಇದನ್ನು ಹಣೆಬರಹ ಅನ್ನುವವರಿದ್ದಾರೆ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ ಸತ್ತವರದೂ ಹಣೆಬರಹವೇ? ಆವತ್ತೂ ನಾವು ಕಾದದ್ದು ಮೈಸೂರಿನಿಂದ ಬರಬೇಕಾದ ಗಾಡಿಗೆ.

ಉಳ್ಳವರ ಹೃದಯ ಪರಿವರ್ತನೆ ಆಗಲಿ ಅಂತ ನಮ್ಮ ಹಿರೀಕರು ಕಾದು ಕಾದು ಮಣ್ಣಾದರು. ನಾವು ಕೇಳುತ್ತಿರುವುದು ಪರಿವರ್ತನೆಯಲ್ಲ, ಇಸಿಜಿ. ಹೋಬಳಿಗೊಂದು, ರಾತ್ರಿಯೂ ನಡೆಯುವಂಥದ್ದು. ಅದನ್ನು ತೆಗೆಯಬಲ್ಲ ನರ್ಸಮ್ಮ ಒಬ್ಬರು, ಬಾಗಿಲಲ್ಲಿ 108 ಗಾಡಿ ಒಂದು. ಗೆಳೆಯರೇ, ಸಂಘದಿಂದ ಅರ್ಜಿ ಬರೆಯುವಾಗ ರಸ್ತೆ, ಚರಂಡಿ, ಸ್ಮಶಾನದ ಜೊತೆ ಇದನ್ನೂ ಬರೆಯಿರಿ. ಅದಕ್ಕೂ ಮೊದಲು ಒಂದು ರಾತ್ರಿ ಹನ್ನೊಂದು ಗಂಟೆಗೆ ನಾಲ್ಕು ಜನ ಹೋಗಿ ನಿಮ್ಮ ಹೋಬಳಿಯ ಸರ್ಕಾರಿ ಆಸ್ಪತ್ರೆಯ ಬಾಗಿಲು ತಟ್ಟಿ. ತೆಗೆದವರನ್ನು ಮರ್ಯಾದೆಯಿಂದಲೇ ಕೇಳಿ: ಯಂತ್ರ ಎಲ್ಲಿದೆ, ಅದಕ್ಕೆ ಕಾಗದ ಇದೆಯೇ, ಈ ಹೊತ್ತಿನಲ್ಲಿ ತೆಗೆಯುವವರು ಯಾರು?