ಬಾಯಿಗೆ ಟೇಪ್ ಹಾಕೋ ಮೊದಲು ಮೂಗನ್ನ ವಿಚಾರಿಸಿ

ಬೆಳಿಗ್ಗೆ ಅಲಾರಂ ಹೊಡೆದಾಗ ಬಾಯೆಲ್ಲ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿರುತ್ತಾ? ದಿಂಬಿನ ಮೇಲೆ ಜೊಲ್ಲಿನ ಕಲೆ, ಗಂಟಲಲ್ಲಿ ಕೆರೆತ, ಎಂಟು ಗಂಟೆ ಮಲಗಿದ್ರೂ ಸ್ಟ್ಯಾಂಡಪ್ ಮೀಟಿಂಗ್‌ನಲ್ಲಿ ಆಕಳಿಕೆ? ಹಾಗಿದ್ರೆ ನೀವು ರಾತ್ರಿ ಮೂಗು ಬಿಟ್ಟು ಬಾಯಲ್ಲಿ ಉಸಿರಾಡ್ತಿರಬಹುದು. ಇದು ನಮಗೆ ಗೊತ್ತಾಗಲ್ಲ. ಪಕ್ಕದಲ್ಲಿ ಮಲಗೋರಿಗೆ ಗೊತ್ತಿರುತ್ತೆ, ಪಾಪ ಅವರು ಹೇಳಿರಲ್ಲ.

ಇದಕ್ಕೆ ಈಗ ರೀಲ್ಸ್‌ನಲ್ಲಿ ಸಿಗೋ ಪರಿಹಾರ ಒಂದೇ: ಮಲಗೋ ಮುಂಚೆ ತುಟಿಗೆ ಟೇಪ್ ಅಂಟಿಸಿ. ನನ್ನ ಫ್ಲ್ಯಾಟ್‌ಮೇಟ್ ಕೂಡ ಒಂದು ಪ್ಯಾಕೆಟ್ ಆರ್ಡರ್ ಮಾಡಿದ್ದ. ನನಗೆ ಭಯ ಆಗಿದ್ದೇ ಅವತ್ತು. ಯಾಕಂದ್ರೆ ಅವನ ಗೊರಕೆ ಗೋಡೆಯಾಚೆ ನನಗೆ ಕೇಳ್ತಿತ್ತು. ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಲ್ಲೋದು. ಹತ್ತು, ಹದಿನೈದು ಸೆಕೆಂಡ್ ಸದ್ದೇ ಇಲ್ಲ. ಆಮೇಲೆ ನೀರಿಂದ ಮೇಲೆ ಬಂದವನ ಹಾಗೆ ಗಕ್ಕನೆ ಒಂದು ಉಸಿರು. ಇಂಥವನ ಬಾಯಿಗೆ ಟೇಪ್ ಹಾಕೋದಾ? "ಗುರು, ಮೊದ್ಲು ಡಾಕ್ಟರ ಹತ್ರ ಹೋಗೋಣ, ಟೇಪ್ ಎಲ್ಲೂ ಓಡಿ ಹೋಗಲ್ಲ" ಅಂದೆ.

ನಮ್ಮ ಕೆಲಸದಲ್ಲಿ ಸರ್ವರ್ ಅಲರ್ಟ್ ಕೂಗಿದ್ರೆ ಮ್ಯೂಟ್ ಮಾಡಿ ಮಲಗಲ್ಲ, ಲಾಗ್ ತೆಗೆದು ನೋಡ್ತೀವಿ. ದೇಹಕ್ಕೆ ಮೂಗು ಮೇನ್ ಲೈನ್, ಬಾಯಿ ಬ್ಯಾಕಪ್. ಬ್ಯಾಕಪ್ ಓಡ್ತಿದೆ ಅಂದ್ರೆ ಮೇನ್ ಲೈನ್ ಯಾಕೆ ಡೌನ್ ಆಯ್ತು ಅಂತ ಕೇಳಬೇಕು. ಬ್ಯಾಕಪ್ಪನ್ನೇ ಕತ್ತರಿಸಿದರೆ ಹೇಗೆ?

ಮೂಗು ಮಾಡೋ ಕೆಲಸ ಬಾಯಿಗೆ ಬರಲ್ಲ

ಮೂಗು ಗಾಳಿಯ ಧೂಳನ್ನ ಸೋಸುತ್ತೆ, ಬೆಚ್ಚಗೆ ಮಾಡುತ್ತೆ, ತೇವ ಸೇರಿಸುತ್ತೆ. ಜೊತೆಗೆ ಮೂಗಿನ ಪಕ್ಕದ ಸೈನಸ್‌ಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ತಯಾರಾಗಿ ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿಯುತ್ತೆ, ಅಲ್ಲಿನ ರಕ್ತನಾಳಗಳನ್ನ ಸಡಿಲ ಮಾಡುತ್ತೆ. ರಕ್ತನಾಳಗಳ ಮೇಲೆ ಈ ಅನಿಲ ಮಾಡೋ ಕೆಲಸ ಕಂಡುಹಿಡಿದದ್ದಕ್ಕೇ 1998ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಂತು. ಬಾಯಲ್ಲಿ ಉಸಿರಾಡಿದ್ರೆ ಇದ್ಯಾವುದೂ ಸರಿಯಾಗಿ ಆಗಲ್ಲ. ನಿದ್ದೇಲಿ ಮೊದಲೇ ಕಮ್ಮಿ ಇರೋ ಜೊಲ್ಲು ಪೂರ್ತಿ ಒಣಗಿ ಹಲ್ಲು ಹುಳುಕು, ಬಾಯಿ ವಾಸನೆ ಶುರುವಾಗುತ್ತೆ.

ತೊಂದರೆ ಎಲ್ಲಿದೆ?

ಹಗಲಲ್ಲಿ ಕೂತು ಒಂದು ಸಣ್ಣ ಪರೀಕ್ಷೆ ಮಾಡಿ. ಬಾಯಿ ಮುಚ್ಚಿ, ಒಂದೊಂದೇ ಹೊಳ್ಳೆ ಒತ್ತಿ ಇನ್ನೊಂದರಲ್ಲಿ ಉಸಿರಾಡಿ. ಒಂದು ಕಡೆ ಸ್ವಲ್ಪ ಬಿಗಿ ಅನ್ನಿಸಿದ್ರೆ ಗಾಬರಿ ಬೇಡ. ಕೆಲವು ಗಂಟೆಗೊಮ್ಮೆ ಎರಡೂ ಹೊಳ್ಳೆ ಪಾಳಿ ಬದಲಾಯಿಸೋದು ಸಹಜ. ಆದ್ರೆ ಯಾವಾಗ ನೋಡಿದ್ರೂ ಒಂದೇ ಕಡೆ ಕಟ್ಟಿದ್ರೆ ಮೂಗಿನ ನಡುಗೋಡೆ ಸೊಟ್ಟ ಇರಬಹುದು.

ಎರಡೂ ಕಡೆ ಕಟ್ಟೋದು, ಬೆಳಿಗ್ಗೆ ಸಾಲು ಸಾಲು ಸೀನು, ಕಣ್ಣು ತುರಿಕೆ ಇದ್ರೆ ಅಲರ್ಜಿಯ ಅನುಮಾನ. ಹಾಸಿಗೆಯ ಧೂಳುನುಸಿ, ಬೆಕ್ಕು ನಾಯಿ, ಗೋಡೆಯ ಬೂಷ್ಟು, ಖಾಲಿ ಸೈಟಿನಲ್ಲಿ ಬೆಳೆಯೋ ಪಾರ್ಥೇನಿಯಂ, ಅದೇ ನಮ್ಮ ಕಾಂಗ್ರೆಸ್ ಗಿಡ, ಇವೆಲ್ಲ ಕಾರಣ ಆಗಬಹುದು. "ಬೆಂಗಳೂರಿಗೆ ಬಂದ್ಮೇಲೆ ಬರೀ ಶೀತ ಕಣೋ" ಅನ್ನೋರು ತುಂಬಾ ಜನ. ಅದರಲ್ಲಿ ಎಷ್ಟೋ ಶೀತ ಅಸಲಿಗೆ ಅಲರ್ಜಿ. ನಂದೂ ಅದೇ ಆಗಿತ್ತು.

ಇನ್ನೊಂದು ಕಾರಣ ಮೆಡಿಕಲ್ ಶಾಪಿನ ಮೂಗಿನ ಡ್ರಾಪ್ಸ್. ಆಕ್ಸಿಮೆಟಾಜೋಲಿನ್, ಝೈಲೋಮೆಟಾಜೋಲಿನ್ ಇರೋ ಡ್ರಾಪ್ಸ್ ಹಾಕಿದ ಕೂಡಲೇ ಮೂಗು ಬಿಡುತ್ತೆ. ಆದ್ರೆ ಮೂರು ದಿನಕ್ಕಿಂತ ಜಾಸ್ತಿ ಎಳೆದ್ರೆ ಔಷಧಿ ಇಳಿದ ತಕ್ಷಣ ಮೂಗು ಮೊದಲಿಗಿಂತ ಜೋರಾಗಿ ಕಟ್ಟೋಕೆ ಶುರು ಆಗಬಹುದು. ಮತ್ತೆ ಡ್ರಾಪ್ಸ್, ಮತ್ತೆ ಕಟ್ಟೋದು. ಇನ್ಫಿನಿಟ್ ಲೂಪ್.

ಮಕ್ಕಳಲ್ಲಿ ಬಹಳ ಸಲ ಅಡೆನಾಯ್ಡ್ ಕಾರಣ. ಮೂಗಿನ ಹಿಂದಿನ ಈ ಗ್ರಂಥಿ ಊದಿಕೊಂಡ್ರೆ ಮಗು ಬಾಯಿ ತೆರೆದು ಮಲಗುತ್ತೆ, ಗೊರಕೆ ಹೊಡೆಯುತ್ತೆ. ನಿದ್ದೆ ಸರಿ ಇಲ್ಲದೆ ಹಗಲಲ್ಲಿ ಹಟ, ಚಡಪಡಿಕೆ, ಓದಿನಲ್ಲಿ ಗಮನ ಇಲ್ಲ. ವರ್ಷಗಟ್ಟಲೆ ಹಾಗೇ ಬಿಟ್ರೆ ಮುಖ, ದವಡೆ ಬೆಳೆಯೋ ರೀತಿಯೇ ಬದಲಾಗಬಹುದು. "ಮಗು ಗೊರಕೆ ಹೊಡೆದ್ರೆ ಗಾಢ ನಿದ್ದೆ" ಅನ್ನೋದು ಅಜ್ಜಿ ಕಾಲದ ಸಮಾಧಾನ ಅಷ್ಟೆ. ಒಮ್ಮೆ ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ಏನು ಮಾಡಬಹುದು?

ಮೊದಲನೇದು ಉಪ್ಪುನೀರಿನ ತೊಳೆತ, ಅಂದ್ರೆ ಜಲನೇತಿ. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು. ನೀರು ಚೆನ್ನಾಗಿ ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬೋರ್‌ವೆಲ್ ನೀರು ಸೀದಾ ಮೂಗಿಗೆ ಬೇಡವೇ ಬೇಡ. ಅಪರೂಪಕ್ಕಾದ್ರೂ ಅದರಲ್ಲಿರೋ ಅಮೀಬಾ ಮೂಗಿನ ದಾರಿಯಲ್ಲಿ ಮೆದುಳಿಗೆ ಹೋಗಿ ಜೀವಕ್ಕೇ ಕುತ್ತು ತರುತ್ತೆ.

ಎರಡು, ಹಾಸಿಗೆ ಹೊದಿಕೆ, ದಿಂಬಿನ ಕವರ್ ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ವಾಷಿಂಗ್ ಮೆಷಿನ್‌ನಲ್ಲಿ 60 ಡಿಗ್ರಿ ಇಟ್ರೆ ಧೂಳುನುಸಿ ಸಾಯುತ್ತೆ.

ಮೂರು, ಡಾಕ್ಟರ್ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ರೆ ಹೆಸರು ಕೇಳಿ ಹೆದರಬೇಡಿ, ಎರಡೇ ದಿನಕ್ಕೆ ಬಿಡಲೂ ಬೇಡಿ. ಪೂರ್ತಿ ಗುಣ ಕಾಣೋಕೆ ಒಂದೆರಡು ವಾರ ಬೇಕು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ ಬಳಸಿ, ಆಗ ಸ್ಪ್ರೇ ನಡುಗೋಡೆಗೆ ಹೊಡೆಯದೆ ಹೊರಗೋಡೆಗೆ ಬೀಳುತ್ತೆ. ಈ ಒಂದು ಟಿಪ್ಪಿನಿಂದ ನನ್ನ ಮೂಗಿನ ಉರಿ, ಆಗಾಗ ಬರೋ ರಕ್ತ ಎರಡೂ ನಿಂತಿತು.

ನಾಲ್ಕು, ಅಂಗಾತ ಬೇಡ, ಮಗ್ಗುಲಾಗಿ ಮಲಗಿ. ವೀಕೆಂಡ್ ಪಾರ್ಟಿ ಮುಗಿಸಿ ಬಂದ ರಾತ್ರಿ ಗೊರಕೆ ಜೋರು, ಯಾಕಂದ್ರೆ ಮದ್ಯ ಗಂಟಲಿನ ಸ್ನಾಯುಗಳನ್ನ ಸಡಿಲ ಬಿಡುತ್ತೆ. ನಡುಗೋಡೆ ಸೊಟ್ಟ ಇದ್ದು ಔಷಧಿಗೆ ಬಗ್ಗದಿದ್ರೆ ಆಪರೇಷನ್ ದಾರಿ ಇದೆ.

ಉಸಿರು ನಿಂತು ನಿಂತು ಬರುತ್ತಿದ್ರೆ

ಇದು ಮನೆಮದ್ದಿನ ಕೇಸ್ ಅಲ್ಲ. ಸ್ಲೀಪ್ ಅಪ್ನಿಯಾ ಇರಬಹುದು: ನಿದ್ದೇಲಿ ಗಂಟಲ ದಾರಿ ಕುಸಿದು ಕನಿಷ್ಠ ಹತ್ತು ಸೆಕೆಂಡ್ ಉಸಿರಿಗೆ ತಡೆ. ದೊಡ್ಡವರಲ್ಲಿ ಗಂಟೆಗೆ ಐದು ಸಲಕ್ಕಿಂತ ಕಮ್ಮಿ ಇದ್ರೆ ನಾರ್ಮಲ್, ಮೂವತ್ತು ದಾಟಿದ್ರೆ ತೀವ್ರ. ಫ್ಲ್ಯಾಟ್‌ಮೇಟ್‌ಗೆ ಒಂದು ರಾತ್ರಿಯ ಸ್ಲೀಪ್ ಟೆಸ್ಟ್ ಮಾಡಿಸಿದಾಗ ಬಂದದ್ದು 34. ಮೂವತ್ತೊಂದು ವರ್ಷದ ಹುಡುಗ, ದಪ್ಪ ಏನಿಲ್ಲ. ಬಿಪಿ ಆಗಲೇ ಏರಿತ್ತು. ಔಟರ್ ರಿಂಗ್ ರೋಡ್ ಸಿಗ್ನಲ್‌ನಲ್ಲಿ ಬೈಕ್ ಮೇಲೇ ತೂಕಡಿಸಿದ್ದೆ ಅಂತ ಡಾಕ್ಟರ ಮುಂದೆ ಹೇಳಿದ. ನನಗೂ ಅದು ಗೊತ್ತಾಗಿದ್ದು ಅಲ್ಲೇ.

ಈಗ ಅವನು ಸಿಪ್ಯಾಪ್ ಮೆಷಿನ್ ಹಾಕಿ ಮಲಗ್ತಾನೆ. ಮಾಸ್ಕ್ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲ ದಾರಿ ತೆರೆದಿಡೋ ಈ ಉಪಾಯವನ್ನ 1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲ್ಲಿವನ್ ತಂಡ ಜಗತ್ತಿಗೆ ತೋರಿಸಿತು. ಮೊದಲ ವಾರ ಮಾಸ್ಕ್ ಕಿತ್ತು ಬಿಸಾಕಿದ್ದೂ ಇದೆ. ಮೂರನೇ ವಾರಕ್ಕೆ, "ನಿದ್ದೆ ಅಂದ್ರೆ ಹೀಗಿರುತ್ತೆ ಅಂತ ಮರೆತೇ ಹೋಗಿತ್ತು ಕಣೋ" ಅಂದ.

ನೀವು ಒಬ್ಬರೇ ಇರೋದಾದ್ರೆ ಇವತ್ತು ರಾತ್ರಿ ಫೋನ್‌ನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ತಲೆದೆಸೆಯಲ್ಲಿಟ್ಟು ಮಲಗಿ. ಊರಿಗೆ ಹೋದಾಗ ಅಪ್ಪನ ಗೊರಕೆಯನ್ನೂ ಸ್ವಲ್ಪ ಹೊತ್ತು ಕೇಳಿಸ್ಕೊಳ್ಳಿ. ಗೊರಕೆ ನಡುವೆ ಮೌನ ಬಂದ್ರೆ "ಸದ್ಯ, ನಿಲ್ತಲ್ಲ" ಅಂತ ಮಗ್ಗುಲಾಗಬೇಡಿ. ಆ ರೆಕಾರ್ಡಿಂಗ್ ಹಿಡ್ಕೊಂಡು ಡಾಕ್ಟರ ಹತ್ರ ಹೋಗಿ.