ಡಿಗ್ರಿಯ ಜೊತೆಗೆ ಕಸುಬೂ ಇರಲಿ

ಪಿಯುಸಿ ಆದ ಮೇಲೆ ಮುಂದೇನು ಎಂದರೆ ನಮ್ಮಲ್ಲಿ ಹೆಚ್ಚಿನವರ ಉತ್ತರ ‘ಡಿಗ್ರಿ’. ಡಿಗ್ರಿ ಆದ ಮೇಲೆ? ‘ಯಾವುದಾದರೂ ಕೆಲಸ’. ಆ ಕೆಲಸ ಸುಲಭವಾಗಿ ಸಿಗುವಂತಿದ್ದರೆ, ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ ಯೋಜನೆಯನ್ನು ಸರ್ಕಾರ 2024ರ ಜನವರಿಯಲ್ಲಿ ಆರಂಭಿಸಬೇಕಾಗಿರಲಿಲ್ಲ. ಅದೂ ಎರಡು ವರ್ಷದವರೆಗೆ ಮಾತ್ರ. ಆ ಹಣ ಆಸರೆಯೇ ಹೊರತು ದಾರಿಯಲ್ಲ.

ದಾರಿ ನಮ್ಮ ರಾಜ್ಯದಲ್ಲೇ ಇದೆ. 1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಕಸುಬಿನ ಜೊತೆಗೆ ಲೆಕ್ಕ ಇಡುವುದು, ಮಾರುವುದು, ಬ್ಯಾಂಕಿನೊಡನೆ ವ್ಯವಹರಿಸುವುದನ್ನೂ ಅಲ್ಲಿ ಕಲಿಸುತ್ತಾರೆ. 18 ತುಂಬಿದವರು ಸೇರಬಹುದು. ಮುಂದೆ ಇದೇ ಮಾದರಿ ದೇಶದ ಜಿಲ್ಲೆ ಜಿಲ್ಲೆಗೂ ಹೋಯಿತು.

ಅಲ್ಲಿಗೆ ಹೋಗುವ ಧೈರ್ಯ ಮಾತ್ರ ಕಾಲೇಜಿನಲ್ಲೇ ಬರಬೇಕು. ನಾವು ಲೆಡ್ಜರ್ ಬರೆಯುತ್ತೇವೆ. ಆದರೆ ತೋಟದ ಎಳನೀರು ಬೆಳ್ಳೂರು ಕ್ರಾಸ್ ತಲುಪುವಷ್ಟರಲ್ಲಿ ಬೆಲೆ ಎಷ್ಟು ಏರುತ್ತದೆ, ಯಾಕೆ ಏರುತ್ತದೆ ಎಂದು ಎಂದಾದರೂ ಬರೆದು ನೋಡಿದ್ದೇವೆಯೇ? ಅಪ್ಪನ ಗ್ಯಾರೇಜು, ಹಣ್ಣಿನ ಗಾಡಿ, ಅಮ್ಮನ ಹೊಲಿಗೆ ಮೆಷಿನ್ನು ಎನ್ನಲು ಸಂಕೋಚಪಡುತ್ತೇವೆ. ನಮ್ಮ ಫೀಸು ಬಂದಿದ್ದು ಅಲ್ಲಿಂದಲೇ ಅಲ್ಲವೇ?

ಉಪನ್ಯಾಸಕರಲ್ಲಿ ಒಂದು ವಿನಂತಿ: ವಾರಕ್ಕೊಂದು ಪೀರಿಯಡ್ ಇದಕ್ಕೆ ಕೊಡಿ. ನಾಲ್ಕೈದು ಮಂದಿಯ ಒಂದೊಂದು ಗುಂಪು, ಮಾಲೀಕರ ಒಪ್ಪಿಗೆ ಪಡೆದು, ಒಂದು ಅಂಗಡಿಯ ತಿಂಗಳ ಖರ್ಚು-ವರಮಾನ ಬರೆದು ತರಗತಿಯಲ್ಲಿ ಓದಲಿ. ಪಿಯುಸಿಗೇ ಓದು ನಿಲ್ಲಿಸಬೇಕಾಗುವ ಹೆಣ್ಣುಮಕ್ಕಳಿಗಂತೂ ಈ ಕಲಿಕೆ ದೊಡ್ಡ ಬಲ. ತನ್ನ ಹೊಲಿಗೆಗೆ ಎಷ್ಟು ಕೇಳಬೇಕೆಂದು ಗೊತ್ತಿರುವವಳನ್ನು ಯಾರೂ ಸುಲಭವಾಗಿ ಮೋಸ ಮಾಡಲಾರರು.