ಮೊಳಕೆಯ ಸಿರಿ, ಹೊಲದ ಹದ

ಅಮೆರಿಕದ ಉತ್ತರ ಕ್ಯಾರೊಲೈನಾ ರಾಜ್ಯದ ಶಾರ್ಲಟ್ ನಗರದಲ್ಲಿ ನನ್ನ ಅಕ್ಕನ ಮಗನೊಬ್ಬ ಕೆಲವು ವರ್ಷಗಳಿಂದ ನೆಲೆಸಿದ್ದಾನೆ. ಸೆಪ್ಟೆಂಬರಿನಿಂದ ಜನವರಿಯವರೆಗೆ, ನಮಗೆ ಸೋಮವಾರದ ಬೆಳಗೂ ಅವನಿಗೆ ಭಾನುವಾರದ ರಾತ್ರಿಯೂ ಆಗಿರುವ ಹೊತ್ತಿನಲ್ಲಿ, ಅವನಿಂದ ದೂರವಾಣಿ ಬರುತ್ತದೆ. ಮನೆಯ ಕ್ಷೇಮಸಮಾಚಾರ ಮುಗಿದ ಮೇಲೆ ಮಾತು ಅವನ ಊರಿನ ಫುಟ್‌ಬಾಲ್ ತಂಡವಾದ ಕ್ಯಾರೊಲೈನಾ ಪ್ಯಾಂಥರ್ಸಿನ ಕಡೆಗೆ ಹೊರಳುವುದು ವಾಡಿಕೆ. 2023ರ ಏಪ್ರಿಲ್ ಕೊನೆಯಲ್ಲಿ ಅವನ ಧ್ವನಿಯಲ್ಲಿ ಮದುವೆಮನೆಯ ಸಡಗರವಿತ್ತು. “ಮಾವ, ದೇಶಕ್ಕೇ ಮೊದಲನೆಯವನೆನಿಸಿದ ಹುಡುಗನನ್ನು ನಾವು ತಂದೆವು, ಇನ್ನು ಹತ್ತು ವರ್ಷ ಚಿಂತೆಯಿಲ್ಲ” ಎಂದಿದ್ದ. ಮುಂದಿನ ಜನವರಿಯ ಹೊತ್ತಿಗೆ ಆ ತಂಡ 17 ಪಂದ್ಯಗಳಲ್ಲಿ 15ನ್ನು ಸೋತಿತ್ತು. ಆಗ ಅವನು ಕೇಳಿದ ಪ್ರಶ್ನೆ ಇದು: “ಸೋತು ಸೊರಗಿದ ತಂಡ ತನ್ನ ಮೊದಲ ಸರದಿಯಲ್ಲೇ ಕ್ವಾರ್ಟರ್‌ಬ್ಯಾಕನ್ನು ಆರಿಸಬೇಕೆ, ತಾಳಬೇಕೆ? ನೀವು ಮೇಷ್ಟರು, ಹೇಳಿ.”

ಆ ಆಟದ ಚೆಂಡನ್ನು ಕೈಯಿಂದ ಮುಟ್ಟಿಯೂ ಅರಿಯದವನು ನಾನು. ಆದರೂ ಪ್ರಶ್ನೆಯನ್ನು ನಕ್ಕು ತಳ್ಳಿಬಿಡಲಾಗಲಿಲ್ಲ. ಇಪ್ಪತ್ತೆರಡರ ಹುಡುಗನೊಬ್ಬನನ್ನು ನೋಡಿ ಅವನ ಮುಂದಿನ ಹತ್ತು ವರ್ಷಗಳನ್ನು ಹೇಳಬೇಕೆಂಬ ಕಷ್ಟ ಅಧ್ಯಾಪಕನಿಗೆ ಅಪರಿಚಿತವಲ್ಲ. ಅಮೆರಿಕದಲ್ಲಂತೂ ಇದು ಪ್ರತಿ ವಸಂತದಲ್ಲಿಯೂ ಹೊಸದಾಗಿ ಏಳುವ ವಾದ. ಆದುದರಿಂದ ಅಂದಿನಿಂದ ನಾನು ಓದಿ ತಿಳಿದದ್ದನ್ನೂ ಅದರಿಂದ ನನಗೆ ತೋರಿದ್ದನ್ನೂ ವಾಚಕರ ಮುಂದಿಡುತ್ತಿದ್ದೇನೆ.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಿನಿಂದ ಒದ್ದು ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹಿಡಿದವನನ್ನು ನೆಲಕ್ಕೆ ಕೆಡವುವ ಆಟ. ಒಂದೊಂದು ಕಡೆಗೆ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುನ್ನಡೆಯಬೇಕು. ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಬಹುಪಾಲು ಪ್ರಯತ್ನಗಳಲ್ಲಿ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಎಂಬವನ ಕೈಗೆ. ಯಾರಿಗೆ ಎಸೆಯುವುದು, ಯಾವಾಗ ಎಸೆಯುವುದು, ಎಸೆಯದೆ ಓಡುವುದೇ ಲೇಸೇ ಎಂಬುದನ್ನೆಲ್ಲ ಅವನು ಎರಡು ಮೂರು ಕ್ಷಣಗಳಲ್ಲಿ ನಿರ್ಧರಿಸಬೇಕು. ಆ ಕ್ಷಣಗಳನ್ನು ಅವನಿಗೆ ಗಳಿಸಿಕೊಡುವವರು ಅವನ ಮುಂದೆ ಸಾಲಾಗಿ ನಿಂತು ಎದುರಾಳಿಗಳನ್ನು ತಡೆಯುವ ಐವರು ಸ್ಥೂಲಕಾಯರು. ಪತ್ರಿಕೆಗಳಲ್ಲಿ ಹೆಸರು ಬರುವುದು ಅವನದು. ಅವನ ಮೈ ಉಳಿಯುವುದು ಈ ಐವರಿಂದ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಕಾಲೇಜುಗಳಲ್ಲಿ ಆಡಿದ ತರುಣರನ್ನು ರಾಷ್ಟ್ರೀಯ ಫುಟ್‌ಬಾಲ್ ಲೀಗಿನ 32 ತಂಡಗಳು ಹಂಚಿಕೊಳ್ಳುವ ಕ್ರಮಕ್ಕೆ ಡ್ರಾಫ್ಟ್ ಎಂದು ಹೆಸರು. ನಮ್ಮ ಐಪಿಎಲ್ ಕ್ರಿಕೆಟ್ಟಿನಂತೆ ಇದು ಹರಾಜಲ್ಲ, ಸರದಿ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚಾಗಿ ಸೋತ ತಂಡಕ್ಕೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ಹೀಗೆ ಏಳು ಸುತ್ತುಗಳು. ಬಡವನಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕುವ ಈ ವ್ಯವಸ್ಥೆ ಮೊದಲು ನಡೆದದ್ದು 1936ರಲ್ಲಿ, ಫಿಲಡೆಲ್ಫಿಯದಲ್ಲಿ. ಸರದಿಗಳನ್ನು ತಂಡಗಳು ಪರಸ್ಪರ ವಿನಿಮಯ ಮಾಡಿಕೊಳ್ಳಬಹುದು. ಮುಂದಿನ ವರ್ಷಗಳ ಸರದಿಗಳನ್ನು ಇಂದೇ ಕೊಟ್ಟುಬಿಡಲೂಬಹುದು. ಆ ಮೊದಲ ಡ್ರಾಫ್ಟಿನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಜೇ ಬರ್ವ್ಯಾಂಗರ್ ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮೊದಲ ಸರದಿಯ ಚಂಚಲ ಸ್ವಭಾವ ಮೊದಲ ದಿನವೇ ಪ್ರಕಟವಾಯಿತೆನ್ನಬೇಕು.

ಕ್ವಾರ್ಟರ್‌ಬ್ಯಾಕನ್ನು ಮೊದಲೇ ಆರಿಸಬೇಕೆನ್ನುವವರ ವಾದ ದುರ್ಬಲವಾದುದಲ್ಲ. ತಂಡದ ಅದೃಷ್ಟವನ್ನು ಅವನಷ್ಟು ಬದಲಿಸಬಲ್ಲ ಆಟಗಾರ ಬೇರೊಬ್ಬನಿಲ್ಲ. ವಾಷಿಂಗ್ಟನ್ ತಂಡ 2023ರಲ್ಲಿ ಗೆದ್ದದ್ದು ನಾಲ್ಕೇ ಪಂದ್ಯ. 2024ರಲ್ಲಿ ಎರಡನೆಯ ಸರದಿಯಲ್ಲಿ ಜೇಡನ್ ಡೇನಿಯಲ್ಸನನ್ನು ತಂದ ಬಳಿಕ ಅದೇ ವರ್ಷ 12 ಪಂದ್ಯ ಗೆದ್ದಿತು. ಹಣದ ಲೆಕ್ಕವೂ ಈ ವಾದಕ್ಕೆ ಅನುಕೂಲವಾಗಿದೆ. 2010ರಲ್ಲಿ ಮೊದಲಿಗನಾಗಿ ಆಯ್ಕೆಯಾದ ಸ್ಯಾಮ್ ಬ್ರ್ಯಾಡ್‌ಫರ್ಡನಿಗೆ ಆರು ವರ್ಷಗಳಿಗೆ 7 ಕೋಟಿ 80 ಲಕ್ಷ ಡಾಲರುಗಳ ಒಪ್ಪಂದವಾಗಿತ್ತು. 2011ರಲ್ಲಿ ಹೊಸಬರ ವೇತನಕ್ಕೆ ಮಿತಿ ಬಂದಿತು. ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನನಿಗೆ ನಾಲ್ಕು ವರ್ಷಗಳಿಗೆ ಸಿಕ್ಕಿದ್ದು ಸುಮಾರು 2 ಕೋಟಿ 20 ಲಕ್ಷ. ಅತ್ತ ನುರಿತ ಕ್ವಾರ್ಟರ್‌ಬ್ಯಾಕಿನ ಬೆಲೆ ಏರುತ್ತಲೇ ಹೋಯಿತು. 2024ರಲ್ಲಿ ಒಂದು ತಂಡ ತನ್ನ ಎಲ್ಲ ಆಟಗಾರರ ಮೇಲೆ ವೆಚ್ಚಮಾಡಬಹುದಾಗಿದ್ದ ಮಿತಿ 25 ಕೋಟಿ 54 ಲಕ್ಷ ಡಾಲರು; ಅದೇ ವರ್ಷ ಡಲ್ಲಸ್ ತಂಡದ ಡ್ಯಾಕ್ ಪ್ರೆಸ್ಕಟ್ ಮಾಡಿಕೊಂಡ ಒಪ್ಪಂದ ವರ್ಷಕ್ಕೆ ಸರಾಸರಿ 6 ಕೋಟಿಯದು. ಹೀಗಿರುವಲ್ಲಿ, ಅಗ್ಗದಲ್ಲಿ ದೊರೆಯುವ ಸಮರ್ಥ ತರುಣನೊಬ್ಬ ಸಿಕ್ಕಿದರೆ ಉಳಿದ ಹಣದಿಂದ ತಂಡದ ಮಿಕ್ಕ ಅಂಗಗಳನ್ನೆಲ್ಲ ಬಲಪಡಿಸಿಕೊಳ್ಳಬಹುದು. ಎಲ್ಲರಿಗೂ ಈ ಲೆಕ್ಕ ತಿಳಿದಿರುವುದರಿಂದಲೇ 2024ರ ಡ್ರಾಫ್ಟಿನಲ್ಲಿ ಮೊದಲ ಹನ್ನೆರಡು ಮಂದಿಯಲ್ಲಿ ಆರು ಮಂದಿ ಕ್ವಾರ್ಟರ್‌ಬ್ಯಾಕುಗಳೇ ಆಗಿದ್ದರು. ಕಾದು ನೋಡೋಣವೆನ್ನುವವನಿಗೆ ಕಣದಲ್ಲಿ ಉಳಿಯುವುದು ಹೊಟ್ಟು ಮಾತ್ರ ಎಂಬ ಭಯ.

ಆದರೆ ಈ ವಾದವೆಲ್ಲ ನಿಂತಿರುವುದು ಒಂದು ನಂಬಿಕೆಯ ಮೇಲೆ: ಬೆಳೆವ ಸಿರಿಯನ್ನು ಮೊಳಕೆಯಲ್ಲಿ ಕಾಣಬಹುದೆಂಬ ನಂಬಿಕೆ. ಇತಿಹಾಸ ಅದನ್ನು ಅಷ್ಟಾಗಿ ಸಮರ್ಥಿಸುವುದಿಲ್ಲ. 1998ರಲ್ಲಿ ಪೇಟನ್ ಮ್ಯಾನಿಂಗ್ ಮೊದಲಿಗ, ರಾಯನ್ ಲೀಫ್ ಎರಡನೆಯವ. ಇಬ್ಬರಲ್ಲಿ ಯಾರು ಮೇಲು ಎಂದು ಪಂಡಿತರು ಜಗಳವಾಡಿದ್ದರು. ಮ್ಯಾನಿಂಗ್ ಎರಡು ಬಾರಿ ಸೂಪರ್ ಬೌಲ್ ಗೆದ್ದ, ಐದು ಬಾರಿ ವರ್ಷದ ಶ್ರೇಷ್ಠ ಆಟಗಾರನೆನಿಸಿದ. ಲೀಫನ ಆಟ ನಾಲ್ಕು ವರ್ಷಗಳೊಳಗೆ ಮುಗಿದುಹೋಯಿತು. 2000ದಲ್ಲಿ 198 ಮಂದಿಯನ್ನು ಆರಿಸಿ ಮುಗಿದ ಮೇಲೆ 199ನೆಯವನಾಗಿ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲುಗಳನ್ನು ಗೆದ್ದ. ಮುಂದೆ ನೊಬೆಲ್ ಬಹುಮಾನ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರು ಕೇಡ್ ಮ್ಯಾಸಿಯವರೊಡನೆ ಈ ಡ್ರಾಫ್ಟನ್ನೇ ಅಧ್ಯಯನಮಾಡಿದರು. ತಂಡಗಳು ತಮ್ಮ ದೃಷ್ಟಿಯ ಮೇಲೆ ತಾವೇ ಅತಿಯಾದ ವಿಶ್ವಾಸವಿಟ್ಟು ಮೊದಲ ಸರದಿಗಳಿಗೆ ಅವುಗಳ ಯೋಗ್ಯತೆಗೆ ಮೀರಿದ ಬೆಲೆ ತೆರುತ್ತವೆಂಬುದು ಅವರು ಕಂಡುಕೊಂಡ ನಿರ್ಣಯ. ಒಂದೇ ಸ್ಥಾನದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ಹಿಂದೆಯೇ ಆಯ್ಕೆಯಾದವನಿಗಿಂತ ಮಿಗಿಲಾಗುವ ಸಂಭವ ಅರ್ಧಕ್ಕಿಂತ ತುಸುವೇ ಹೆಚ್ಚಂತೆ. ನಾಣ್ಯ ಚಿಮ್ಮಿ ನೋಡುವುದಕ್ಕಿಂತ ಇದು ಬಹಳ ಮೇಲಲ್ಲ.

ಈ ವಿಶ್ವಾಸಕ್ಕೆ ತೆತ್ತ ಬೆಲೆಯ ಎರಡು ಉದಾಹರಣೆಗಳು ಸಾಕು. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ 12ನೆಯ ಸರದಿಯಿಂದ ಮೂರನೆಯದಕ್ಕೆ ಏರಲು ಮುಂದಿನ ಎರಡು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನೂ ಮೂರನೆಯ ಸುತ್ತಿನದೊಂದನ್ನೂ ಕೊಟ್ಟು ಟ್ರೇ ಲ್ಯಾನ್ಸನನ್ನು ತಂದಿತು. ಅವನು ಆ ತಂಡಕ್ಕಾಗಿ ಆರಂಭದಿಂದ ಆಡಿದ್ದು ನಾಲ್ಕೇ ಪಂದ್ಯ, ಗಾಯಗೊಂಡ, 2023ರಲ್ಲಿ ಬೇರೆ ತಂಡಕ್ಕೆ ಹೋದ. ಅದೇ ತಂಡವನ್ನು 2024ರ ಫೆಬ್ರವರಿಯ ಸೂಪರ್ ಬೌಲಿಗೆ ಕೊಂಡೊಯ್ದವನು ಬ್ರಾಕ್ ಪರ್ಡಿ; 2022ರ ಡ್ರಾಫ್ಟಿನ 262 ಮಂದಿಯಲ್ಲಿ ಕಟ್ಟಕಡೆಯವನು! ಇನ್ನೊಂದು, ನನ್ನ ಸೋದರಳಿಯನ ಪ್ಯಾಂಥರ್ಸ್. ಬ್ರೈಸ್ ಯಂಗ್ ಎಂಬ ತರುಣನನ್ನು ಮೊದಲಿಗನಾಗಿ ಆರಿಸುವ ಹಕ್ಕಿಗಾಗಿ ಅವರು ಶಿಕಾಗೊ ತಂಡಕ್ಕೆ ಆ ವರ್ಷದ ಎರಡು ಸರದಿಗಳನ್ನು, 2024ರ ಮೊದಲ ಸುತ್ತಿನ ಸರದಿಯನ್ನು, 2025ರ ಎರಡನೆಯ ಸುತ್ತಿನ ಸರದಿಯನ್ನು ಕೊಟ್ಟರು. ಸಾಲದೆಂದು, ಚೆಂಡು ಹಿಡಿಯುವುದರಲ್ಲಿ ತಮ್ಮಲ್ಲಿ ಎಲ್ಲರಿಗಿಂತ ನಿಪುಣನಾಗಿದ್ದ ಡಿ.ಜೆ. ಮೂರನನ್ನೂ ಕೊಟ್ಟರು. ಎಸೆಯುವವನನ್ನು ತರಲು ಹಿಡಿಯುವವನನ್ನು ಮಾರಿದಂತಾಯಿತು. ತಂಡ ಕೊನೆಯ ಸ್ಥಾನಕ್ಕೆ ಬಿದ್ದುದರಿಂದ, ಕೊಟ್ಟುಬಿಟ್ಟಿದ್ದ 2024ರ ಸರದಿಯೇ ದೇಶಕ್ಕೆ ಮೊದಲನೆಯದಾಯಿತು; ಅದರಿಂದ ಶಿಕಾಗೊದವರು ಕೇಲೆಬ್ ವಿಲಿಯಮ್ಸನನ್ನು ಪಡೆದರು. ಸೋಲಿನ ಸಂಕಟ ಒಬ್ಬರಿಗೆ, ಸೋಲಿನ ಪರಿಹಾರ ಇನ್ನೊಬ್ಬರಿಗೆ.

ಇಷ್ಟರಿಂದ ‘ಕ್ವಾರ್ಟರ್‌ಬ್ಯಾಕನ್ನು ಮೊದಲು ಆರಿಸಬಾರದು’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನನಗೆ ಅದು ಒಪ್ಪಿಗೆಯಾಗದು. ಬೀಜವನ್ನು ಕುರಿತು ನಡೆದಷ್ಟು ಚರ್ಚೆ ಹೊಲವನ್ನು ಕುರಿತು ನಡೆದಿಲ್ಲವೆಂಬುದೇ ನನ್ನ ಆಕ್ಷೇಪ. 2002ರಲ್ಲಿ ಹೊಸದಾಗಿ ಹುಟ್ಟಿದ ಹ್ಯೂಸ್ಟನ್ ತಂಡ ಮೊದಲ ಸರದಿಯಲ್ಲಿ ಡೇವಿಡ್ ಕಾರನನ್ನು ತಂದು ನೇರವಾಗಿ ಕಣಕ್ಕಿಳಿಸಿತು. ಅವನ ಮುಂದೆ ನಿಲ್ಲಬೇಕಾಗಿದ್ದ ಐವರ ಗೋಡೆ ಇನ್ನೂ ಮಣ್ಣು ಕಲಸುವ ಸ್ಥಿತಿಯಲ್ಲಿತ್ತು. ಆ ಒಂದೇ ವರ್ಷದಲ್ಲಿ ಎದುರಾಳಿಗಳು ಅವನನ್ನು ಚೆಂಡು ಸಹಿತ 76 ಬಾರಿ ನೆಲಕ್ಕೆ ಕೆಡವಿದರು. ಅಂಥದರಲ್ಲಿ ಯಾವ ಪ್ರತಿಭೆ ಅರಳೀತು? ಇದಕ್ಕೆ ಎದುರಾಗಿ ಕ್ಯಾನ್ಸಸ್ ಸಿಟಿಯನ್ನು ನೋಡಿ. 2017ರಲ್ಲಿ ಅವರೂ ಬೆಲೆ ತೆತ್ತೇ 27ರಿಂದ 10ನೆಯ ಸರದಿಗೆ ಏರಿ ಪ್ಯಾಟ್ರಿಕ್ ಮಹೋಮ್ಸನನ್ನು ತಂದರು. ಆದರೆ ಹಿರಿಯನಾದ ಅಲೆಕ್ಸ್ ಸ್ಮಿತ್ ಆಡುತ್ತಿದ್ದ. ಮಹೋಮ್ಸ್ ಆ ವರ್ಷ ಒಂದೇ ಪಂದ್ಯದಲ್ಲಿ ಆರಂಭದಿಂದ ಆಡಿದ, ಉಳಿದದ್ದನ್ನು ಕುಳಿತು ಕಲಿತ. ಮರುವರ್ಷವೇ ಲೀಗಿನ ಶ್ರೇಷ್ಠ ಆಟಗಾರನಾದ. 2020, 2023, 2024ರ ಸೂಪರ್ ಬೌಲುಗಳನ್ನು ಗೆದ್ದುಕೊಟ್ಟ. ಅದಕ್ಕೂ ಮೊದಲು ಗ್ರೀನ್ ಬೇ ತಂಡದಲ್ಲಿ ಏರನ್ ರಾಜರ್ಸ್ ಮೂರು ವರ್ಷ ಬ್ರೆಟ್ ಫಾರ್ವನ ಹಿಂದೆ ಕಾದು ಕುಳಿತಿದ್ದ.

ಕುಳ್ಳಿರಿಸುವುದೊಂದೇ ಮದ್ದೆಂದು ನಾನು ಹೇಳಲಾರೆ. ಮ್ಯಾನಿಂಗನನ್ನು ಮೊದಲ ವರ್ಷವೇ ಎಲ್ಲ ಪಂದ್ಯಗಳಲ್ಲಿ ಆಡಿಸಿದರು. ಅವನು ಎಸೆದ ಚೆಂಡುಗಳಲ್ಲಿ 28 ಎದುರಾಳಿಗಳ ಕೈ ಸೇರಿದವು; ತಂಡ ಗೆದ್ದದ್ದು ಮೂರು, ಸೋತದ್ದು 13. ಯಾರೂ ಧೃತಿಗೆಡಲಿಲ್ಲ. ಮರುವರ್ಷ ಅದೇ ತಂಡ 13 ಗೆದ್ದು ಮೂರು ಸೋತಿತು. ಆ ಮೊದಲ ವರ್ಷದ ಅಂಕೆಗಳನ್ನು ಇಂದಿನ ಒಡೆಯರಿಗೆ ಹೆಸರು ಹೇಳದೆ ತೋರಿಸಿದರೆ ಎಷ್ಟು ಮಂದಿ ಆ ಹುಡುಗನನ್ನು ಉಳಿಸಿಕೊಂಡಾರು? 2018ರಲ್ಲಿ ಅರಿಜೋನಾ ತಂಡ ಹತ್ತನೆಯ ಸರದಿಯಲ್ಲಿ ತಂದ ಜಾಷ್ ರೋಸೆನನನ್ನು ಒಂದೇ ವರ್ಷಕ್ಕೆ ಬಿಟ್ಟುಕೊಟ್ಟು ಮತ್ತೊಬ್ಬನನ್ನು ತಂದಿತು. ಪ್ಯಾಂಥರ್ಸಿನ ತರಬೇತುದಾರ ಫ್ರ್ಯಾಂಕ್ ರೈಕರನ್ನು ಹನ್ನೊಂದು ಪಂದ್ಯಗಳಿಗೇ ಮನೆಗೆ ಕಳುಹಿಸಿದರು. ಹುಡುಗನಿಗೆ ಪಾಠ ಹೇಳಬೇಕಾದ ಗುರುವನ್ನು ವರ್ಷದ ನಡುವೆ ಬದಲಿಸಿ ಹುಡುಗ ಕಲಿಯಲಿಲ್ಲವೆನ್ನುವುದು ಯಾವ ನ್ಯಾಯ? 2018ರಲ್ಲಿ ಮೂರನೆಯ ಸರದಿಯಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡ ಆರಿಸಿದ ಸ್ಯಾಮ್ ಡಾರ್ನಲ್ಡ್ ಮೂರು ವರ್ಷಗಳಲ್ಲಿ ಅವರಿಗೆ ಬೇಡವಾದ. ಊರೂರು ತಿರುಗಿ 2024ರಲ್ಲಿ ಮಿನೆಸೋಟಕ್ಕೆ ಬಂದಾಗ ಆ ತಂಡ 17ರಲ್ಲಿ 14 ಪಂದ್ಯ ಗೆದ್ದಿತು. ಬೀಜ ಅದೇ, ಬದಲಾದದ್ದು ಹೊಲ.

ಇದನ್ನೆಲ್ಲ ಓದುವಾಗ ನನಗೆ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಹಲವು ವರ್ಷಗಳ ಹಿಂದೆ ಪ್ರಥಮ ವರ್ಷದ ತರಗತಿಗೆ ಹಳ್ಳಿಯಿಂದ ಒಬ್ಬ ಹುಡುಗ ಬಂದಿದ್ದ. ಅವನ ಪ್ರಬಂಧಗಳನ್ನು ಓದಿ ಬೆರಗಾದ ನಾನು, ಹಿರಿಯ ವಿದ್ಯಾರ್ಥಿಗಳನ್ನು ಬಿಟ್ಟು ಅಂತರ ಕಾಲೇಜು ಚರ್ಚಾಸ್ಪರ್ಧೆಗೆ ಅವನನ್ನೇ ಕಳುಹಿಸಿದೆ. ಒಂದು ದಿನವಾದರೂ ನಮ್ಮ ಸಭಾಂಗಣದ ವೇದಿಕೆಯ ಮೇಲೆ ನಿಲ್ಲಿಸಿ ಅಭ್ಯಾಸ ಮಾಡಿಸಲಿಲ್ಲ. ಅಲ್ಲಿ ಅವನು ನಾಲ್ಕು ವಾಕ್ಯ ಹೇಳಿ ಮೌನವಾಗಿ ನಿಂತ, ಕೆಳಗಿದ್ದವರು ನಕ್ಕರು. ಮೂರು ವರ್ಷದಲ್ಲಿ ಅವನು ಮತ್ತೆ ವೇದಿಕೆ ಹತ್ತಲಿಲ್ಲ. ‘ಬರವಣಿಗೆ ಇದೆ, ಎದೆಗಾರಿಕೆ ಇಲ್ಲ’ ಎಂದು ನಾನು ಸಹೋದ್ಯೋಗಿಗಳೊಡನೆ ಹೇಳಿದ್ದೂ ಉಂಟು. ಆ ಮಾತು ಸುಳ್ಳೆಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಅವನನ್ನು ಆರಿಸಿದ್ದು ತಪ್ಪಲ್ಲ. ಆರಿಸುವುದರೊಡನೆ ನನ್ನ ಕೆಲಸ ಮುಗಿಯಿತೆಂದುಕೊಂಡದ್ದು ತಪ್ಪು.

ಆದಕಾರಣ ಸೋದರಳಿಯನ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಯೋಗ್ಯನೆಂದು ಮನಸ್ಸು ಒಪ್ಪಿದ ಹುಡುಗ ತನ್ನ ಸರದಿಗೆ ತಾನಾಗಿ ದೊರೆತರೆ ತಂಡ ಅವನನ್ನು ಆರಿಸಲಿ, ಹಿಂಜರಿಯಬೇಕಾಗಿಲ್ಲ. ಆದರೆ ಅವನಿಗಾಗಿ ಮುಂದಿನ ವರ್ಷಗಳ ಸರದಿಗಳನ್ನೂ ಇರುವ ಒಳ್ಳೆಯ ಆಟಗಾರರನ್ನೂ ಕೊಡಬೇಕಾಗಿ ಬಂದರೆ ಹತ್ತು ಬಾರಿ ಯೋಚಿಸಲಿ. ಏಕೆಂದರೆ ಕೊಡುತ್ತಿರುವುದು ಆ ಹುಡುಗ ನಿಲ್ಲಬೇಕಾದ ನೆಲವನ್ನೇ. ಮುಂದೆ ನಿಲ್ಲುವ ಐವರು ಸಿದ್ಧರಿಲ್ಲದಿದ್ದರೆ ಹಿರಿಯನೊಬ್ಬನನ್ನು ಆಡಿಸಿ ಕಿರಿಯನನ್ನು ಕಾಯಿಸಲಿ. ಹುಡುಗನಿಗೆ ಎಷ್ಟು ವರ್ಷವೋ ಅವನ ಗುರುವಿಗೂ ಅಷ್ಟು ವರ್ಷ ಕೊಡಲಿ. ಇಷ್ಟಕ್ಕೆ ಸಿದ್ಧವಿಲ್ಲದ ತಂಡ ಮೊದಲ ಸರದಿಯಲ್ಲಿ ತಂದರೂ ಒಂದೇ, ಏಳನೆಯ ಸುತ್ತಿನಲ್ಲಿ ತಂದರೂ ಒಂದೇ.

ಬ್ರೈಸ್ ಯಂಗನನ್ನು 2024ರಲ್ಲಿ ಎರಡು ಪಂದ್ಯಗಳ ಬಳಿಕ ಪಕ್ಕಕ್ಕೆ ಕುಳ್ಳಿರಿಸಿದ್ದರು. ಆ ವರ್ಷದ ನಡುವಿನಲ್ಲಿ ಅವನು ಮತ್ತೆ ಕಣಕ್ಕೆ ಬಂದ. ಮೊದಲಿಗಿಂತ ಚೆನ್ನಾಗಿ ಆಡಿದ. ಆಗೊಂದು ಸೋಮವಾರ ಬೆಳಗ್ಗೆ ದೂರವಾಣಿಯಲ್ಲಿ ಸೋದರಳಿಯ, “ಮಾವ, ಹುಡುಗನಲ್ಲಿ ಏನೋ ಇದ್ದ ಹಾಗಿದೆ” ಎಂದ. “ಮೊದಲೂ ಇತ್ತು ಕಣಪ್ಪ” ಎಂದೆ. ಆ ಮಾತನ್ನು ನಾನು ಇನ್ನೊಬ್ಬ ಹುಡುಗನಿಗೆ ಹೇಳಬೇಕಾಗಿತ್ತು.